ಚಪ್ಪಟೆ ವೀರನಿಗೊಂದು ಬೆನ್ನು

ಮಿಕ್ಕಿ ಮೌಸ್ ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ತಲೆಯೆತ್ತಿ ಆಕಾಶ ನೋಡಲಿ, ಅವನ ಕಿವಿಗಳು ಮಾತ್ರ ಸದಾ ಎರಡು ದುಂಡು ಬಿಲ್ಲೆಗಳಾಗಿಯೇ ಕಾಣುತ್ತವೆ. ಮೂಳೆ ಮಾಂಸದ ತಲೆಯಾಗಿದ್ದರೆ ಇದು ಸಾಧ್ಯವಿರಲಿಲ್ಲ. ಪಕ್ಕದಿಂದ ನೋಡಿದಾಗ ಬಿಲ್ಲೆ ತೆಳ್ಳಗಾಗಬೇಕು, ಒಂದು ಕಿವಿ ಇನ್ನೊಂದರ ಮರೆಗೆ ಸರಿಯಬೇಕು. ಡಿಸ್ನಿ ಚಿತ್ರಗಾರರು ಕಿವಿಗಳನ್ನು ತಲೆಯ ಮೇಲೆ ಬೇಕಾದಲ್ಲಿಗೆ ಜಾರಿಸುತ್ತ ಹೋದರು. ಪರದೆಯ ಮುಂದೆ ಕೂತ ಹೆಚ್ಚಿನವರಿಗೆ ಅದು ತಿಳಿಯಲಿಲ್ಲ, ತಿಳಿದವರೂ ಜಗಳ ತೆಗೆಯಲಿಲ್ಲ. ಕಷ್ಟ ಶುರುವಾಗುವುದು ಅದೇ ಮಿಕ್ಕಿಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಲು ಹೊರಟಾಗ. ಕಿವಿಯನ್ನು ಎಲ್ಲಾದರೂ ಒಂದು ಕಡೆ ನಿಲ್ಲಿಸಲೇಬೇಕು. ಎದುರಿನಿಂದ ಸರಿಹೋದದ್ದು ಪಕ್ಕದಿಂದ ಕೆಡುತ್ತದೆ, ಪಕ್ಕಕ್ಕೆ ಹೊಂದಿಸಿದರೆ ಎದುರಿನ ಮುಖವೇ ಬೇರೆಯವನದಾಗುತ್ತದೆ. ಕಾಮಿಕ್ಸಿನ ಚಾರ್ಲಿ ಬ್ರೌನನ ದುಂಡು ತಲೆಯದೂ ಇದೇ ತಕರಾರು.

ಕಾರ್ಟೂನು, ಕಾಮಿಕ್ಸ್ ಆಧರಿಸಿದ ಆ್ಯಕ್ಷನ್ ಫಿಗರ್‌ಗಳ ವಿಮರ್ಶೆ ಇಲ್ಲಿಂದ ಆರಂಭವಾಗಬೇಕು ಎಂಬುದು ನನ್ನ ಹಠ. ಈಗ ಬರುವ ಹೆಚ್ಚಿನ ವಿಮರ್ಶೆಗಳ ದಾರಿ ಬೇರೆ. ಡಬ್ಬಿ ಬಿಚ್ಚುತ್ತಾರೆ, ಕೀಲು ಎಣಿಸುತ್ತಾರೆ, ಜೊತೆಗೆ ಬಂದ ಬಿಡಿ ಕೈ, ಕತ್ತಿ, ಬಂದೂಕುಗಳನ್ನು ಸಾಲಾಗಿ ಇಟ್ಟು ಫೋಟೊ ತೆಗೆಯುತ್ತಾರೆ, ಹತ್ತಕ್ಕೆ ಎಂಟೂವರೆ ಕೊಟ್ಟು ಮುಗಿಸುತ್ತಾರೆ. ಮೊಣಕಾಲು ಎಷ್ಟು ಮಡಚುತ್ತದೆ ಎಂಬುದು ತಿಳಿಯುತ್ತದೆ. ಮಡಚಿದ ಮೇಲೂ ಅದು ಆ ಪಾತ್ರದ ಕಾಲಾಗಿಯೇ ಉಳಿದಿದೆಯೇ ಎಂಬುದು ತಿಳಿಯುವುದಿಲ್ಲ. ಸಿನಿಮಾ ನಟನ ಗೊಂಬೆಯಾದರೆ ಪಕ್ಕದಲ್ಲಿ ಅವನ ಫೋಟೊ ಇಟ್ಟು ನೋಡಬಹುದು. ಗೆರೆಯಲ್ಲಿ ಹುಟ್ಟಿದವನಿಗೆ ಅಂಥ ಮೈಯೇ ಇರಲಿಲ್ಲ. ಕಾಗದದ ಮೇಲೆ ಅವನಿಗೆ ಬಹುಪಾಲು ಎದುರುಭಾಗವೇ ಇತ್ತು. ಬೆನ್ನನ್ನು ಎಷ್ಟೋ ಸಲ ಶಿಲ್ಪಿಯೇ ಊಹಿಸಬೇಕು. ಆ ಊಹೆ ಎಷ್ಟು ನ್ಯಾಯವಾದದ್ದು ಎಂದು ಹೇಳುವುದೇ ವಿಮರ್ಶಕನ ಕೆಲಸ.

ಇತಿಹಾಸವನ್ನು ಬೇಗ ದಾಟಿಬಿಡೋಣ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ಹನ್ನೆರಡು ಇಂಚಿನ ಅಳತೆಯಲ್ಲಿ, 21 ಚಲಿಸುವ ಭಾಗಗಳಿವೆ ಎಂದು ಡಂಗುರ ಸಾರಿ ಮಾರುಕಟ್ಟೆಗೆ ಬಿಟ್ಟಿತು. ಅವನಿಗೆ ಮೂಲಚಿತ್ರವೆಂಬುದೇನೂ ಇರಲಿಲ್ಲ, ಹೋಲಿಕೆಯ ರಗಳೆಯೂ ಇರಲಿಲ್ಲ. 1972ರಿಂದ ಮೀಗೊ ಕಂಪನಿ ಎಂಟು ಇಂಚಿನ ಸೂಪರ್‌ಹೀರೊಗಳನ್ನು ತಂದಿತು. ಒಳಗಿನ ಮೈ ಹೆಚ್ಚುಕಡಿಮೆ ಒಂದೇ, ತಲೆ ಬೇರೆ, ಮೇಲೆ ಹೊಲಿದ ಬಟ್ಟೆ. ಕಾಮಿಕ್ಸ್ ಪುಟದಲ್ಲಿ ವೀರರ ಉಡುಪು ಚರ್ಮಕ್ಕೆ ಬಣ್ಣ ಬಳಿದಷ್ಟು ಬಿಗಿ. ಎಂಟು ಇಂಚಿನ ಮೈಮೇಲೆ ನಿಜವಾದ ಬಟ್ಟೆ ನೆರಿಗೆ ಬೀಳದೆ ಕೂರುವುದಿಲ್ಲ. ಹಾಗಾಗಿ ಮೀಗೊ ಸ್ಪೈಡರ್‌ಮ್ಯಾನ್ ಪೈಜಾಮ ತೊಟ್ಟು ಮಲಗಲು ಹೊರಟ ಹುಡುಗನಂತೆ ಕಾಣುತ್ತಾನೆ. ಆದರೂ ಅವನ ಮೇಲೆ ಜನರಿಗಿರುವ ಪ್ರೀತಿ ಕಡಿಮೆಯಾಗಿಲ್ಲ. ಟಾಯ್‌ಫೇರ್ ಎಂಬ ಮಾಸಪತ್ರಿಕೆ 1997ರಿಂದ 2011ರವರೆಗೆ ಗೊಂಬೆಗಳ ಸುದ್ದಿ, ಬೆಲೆ, ವಿಮರ್ಶೆಗಳನ್ನೇ ಅಚ್ಚು ಹಾಕುತ್ತಿತ್ತು. ಅದರ ಜನಪ್ರಿಯ ಅಂಕಣವೆಂದರೆ ಈ ಮೀಗೊ ಗೊಂಬೆಗಳನ್ನು ನಿಲ್ಲಿಸಿ ಫೋಟೊ ತೆಗೆದು ಮಾಡಿದ ಹಾಸ್ಯ ಚಿತ್ರಕಥೆ. ಆ ಪತ್ರಿಕೆಯಲ್ಲಿದ್ದ ಮ್ಯಾಥ್ಯೂ ಸೆನ್‌ರೈಕ್ ಮುಂದೆ ನಟ ಸೇತ್ ಗ್ರೀನ್ ಜೊತೆ ಸೇರಿ 2005ರಲ್ಲಿ ಇಂಥ ಗೊಂಬೆಗಳನ್ನೇ ಕುಣಿಸುವ ರೋಬಾಟ್ ಚಿಕನ್ ಟಿ.ವಿ. ಸರಣಿ ಶುರುಮಾಡಿದರು.

ನಾವು ದೂರದರ್ಶನದಲ್ಲಿ ನೋಡಿದ ಹೀ-ಮ್ಯಾನ್‌ನ ಕಥೆಯಲ್ಲಿ ಎಲ್ಲವೂ ತಲೆಕೆಳಗು. ಅವನು ಮೊದಲು ಗೊಂಬೆ, ಆಮೇಲೆ ಚಿತ್ರ. 1982ರಲ್ಲಿ ಮ್ಯಾಟೆಲ್ ಕಂಪನಿ ಐದೂವರೆ ಇಂಚಿನ ಆ ಗಟ್ಟಿಗನನ್ನು ಮಾರಾಟಕ್ಕಿಟ್ಟಾಗ ಡಬ್ಬಿಯೊಳಗೊಂದು ಪುಟ್ಟ ಪುಸ್ತಿಕೆ ಇರುತ್ತಿತ್ತು. ಅಲ್ಫ್ರೆಡೊ ಅಲ್ಕಾಲಾ ಚಿತ್ರ ಬರೆದ ಮೊದಲ ಪುಸ್ತಿಕೆಗಳಲ್ಲಿ ಹೀ-ಮ್ಯಾನ್ ಕಾಡಿನ ಬುಡಕಟ್ಟಿನವನು. ಮುಂದೆ ಅವನ ಇನ್ನೊಂದು ರೂಪವಾದ ರಾಜಕುಮಾರ ಆಡಂ ಇನ್ನೂ ಹುಟ್ಟಿರಲಿಲ್ಲ. ಗೊಂಬೆಗೆ ಇದ್ದದ್ದು ಆರೇ ಕೀಲು: ಕತ್ತು, ಎರಡು ತೋಳು, ಸೊಂಟ, ಎರಡು ತೊಡೆ. ಸೊಂಟ ತಿರುಚಿ ಬಿಟ್ಟರೆ ಒಳಗಿನ ಸ್ಪ್ರಿಂಗ್ ಎಳೆದು ಗುದ್ದು ಬೀಳುತ್ತಿತ್ತು. ಖರ್ಚು ಉಳಿಸಲು ಒಂದೇ ಎದೆಯ ಅಚ್ಚಿನಿಂದ ನಾಯಕನೂ ಖಳರೂ ಹುಟ್ಟಿದರು. ಬ್ಯಾಟಲ್ ಕ್ಯಾಟ್ ಎಂಬ ಹಸಿರು ಹುಲಿಯಂತೂ ಮ್ಯಾಟೆಲ್‌ನ ಹಳೆಯ ಬಿಗ್ ಜಿಮ್ ಮಾಲಿಕೆಯ ಹುಲಿಯೇ. ಅದೇ ಅಚ್ಚಿಗೆ ಬಣ್ಣ ಬೇರೆ. ಹುಲಿ ಹೀ-ಮ್ಯಾನ್‌ಗಿಂತ ಅಷ್ಟು ದೊಡ್ಡದಾಗಿರುವುದಕ್ಕೆ ಕಾರಣ ಎಟರ್ನಿಯಾ ಲೋಕದ ಪುರಾಣದಲ್ಲಿಲ್ಲ, ಕಾರ್ಖಾನೆಯ ಗೋದಾಮಿನಲ್ಲಿದೆ.

1983ರಲ್ಲಿ ಫಿಲ್ಮೇಷನ್ ಸ್ಟುಡಿಯೊ ಆ ಗೊಂಬೆಯನ್ನು ಕಾರ್ಟೂನಿಗೆ ಇಳಿಸಿತು. ಮೊದಲ ಸುತ್ತಿಗೇ 65 ಕಂತು, ಒಟ್ಟು 130. ಸಾವಿರಾರು ಸಲ ಬರೆಯಬೇಕಾದ ಪಾತ್ರದಲ್ಲಿ ಒಂದು ಗೆರೆ ಹೆಚ್ಚಾದರೂ ಕೂಲಿ ಹೆಚ್ಚು. ಆದ್ದರಿಂದ ಗೊಂಬೆಯ ಮೈಮೇಲಿದ್ದ ಉಬ್ಬುತಗ್ಗು, ತುಪ್ಪಳದ ಎಳೆ ಎಲ್ಲ ಕಾಗದದ ಮೇಲೆ ನುಣ್ಣಗಾದವು. ಮೊಣಕಾಲು ಬಾಗಿಸಿ ಕುಸ್ತಿಗೆ ನಿಂತಂತಿದ್ದವನು ನೆಟ್ಟಗೆ ನಿಂತ. ಈಚೆಗೆ ಮ್ಯಾಟೆಲ್ ತನ್ನ ಒರಿಜಿನ್ಸ್ ಮಾಲಿಕೆಯಲ್ಲಿ ಕಾರ್ಟೂನ್ ಕಲೆಕ್ಷನ್ ಎಂಬ ಕವಲು ತೆಗೆದು ಆ ನುಣುಪು ಹೀ-ಮ್ಯಾನ್‌ನನ್ನೇ ಮತ್ತೆ ಪ್ಲಾಸ್ಟಿಕ್ಕಿಗೆ ತಂದಿದೆ. ಗೊಂಬೆಯಿಂದ ಚಿತ್ರ, ಚಿತ್ರದಿಂದ ಮತ್ತೆ ಗೊಂಬೆ. ಇದನ್ನು ವಿಮರ್ಶಿಸುವವರು 1982ರ ಅಚ್ಚಿನ ಪಕ್ಕ ಇಟ್ಟು ‘ವಿವರಗಳು ಕಡಿಮೆ’ ಎಂದು ಅಂಕ ಕಳೆದರೆ ಅದು ಅನ್ಯಾಯ. ಇಲ್ಲಿ ವಿವರ ಕಡಿಮೆಯಾಗಿರುವುದೇ ಕೆಲಸಗಾರಿಕೆ. ನಾನು ಅಂಕ ಕಳೆಯುವುದಾದರೆ ತೋಳು, ಮೊಣಕೈ, ಮಣಿಕಟ್ಟಿನ ಕೀಲುಗಳಿಗಾಗಿ ಕಳೆಯುತ್ತೇನೆ. ಫಿಲ್ಮೇಷನ್ ಹೀ-ಮ್ಯಾನ್‌ನ ತೋಳು ಭುಜದಿಂದ ಮುಷ್ಟಿಯವರೆಗೆ ಒಂದೇ ಓಟದ ಗೆರೆ. ಅಲ್ಲಿ ಕೀಲು ಇಟ್ಟಲ್ಲೆಲ್ಲ ಆ ಗೆರೆ ತುಂಡಾಗಿದೆ.

ಆಮೆಗಳ ವಿಷಯ ಇನ್ನೂ ಸ್ವಾರಸ್ಯದ್ದು. ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ 1984ರ ಮೇ ತಿಂಗಳಲ್ಲಿ ಕೈಸಾಲ ಮಾಡಿ ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್ ಮೊದಲ ಸಂಚಿಕೆಯ ಸುಮಾರು 3,000 ಪ್ರತಿ ಅಚ್ಚು ಹಾಕಿಸಿದರು. ಒಳಪುಟಗಳು ಕಪ್ಪುಬಿಳುಪು, ಬಣ್ಣವಿದ್ದ ಮುಖಪುಟದಲ್ಲಿ ನಾಲ್ವರಿಗೂ ಕೆಂಪು ಮುಖಪಟ್ಟಿ. ಯಾರು ಲಿಯೊನಾರ್ಡೊ, ಯಾರು ರಾಫೆಲ್ ಎಂದು ಆಯುಧ ನೋಡಿಯೇ ತಿಳಿಯಬೇಕಿತ್ತು. 1987ರ ಡಿಸೆಂಬರಿನಲ್ಲಿ ಕಾರ್ಟೂನು ಬಂದಾಗ ಮಕ್ಕಳಿಗೆ ಗುರುತು ಸಿಗಲೆಂದು ಒಬ್ಬೊಬ್ಬನಿಗೆ ಒಂದೊಂದು ಬಣ್ಣದ ಪಟ್ಟಿ, ಬೆಲ್ಟಿನ ಮೇಲೆ ಹೆಸರಿನ ಮೊದಲಕ್ಷರ. 1988ರಲ್ಲಿ ಪ್ಲೇಮೇಟ್ಸ್ ಕಂಪನಿ ಬಿಟ್ಟ ಗೊಂಬೆಗಳು ಬಣ್ಣವನ್ನು ಕಾರ್ಟೂನಿನಿಂದ ಪಡೆದವು; ಮೈಯನ್ನು ಮಾತ್ರ ತಮ್ಮದೇ ದಾರಿಯಲ್ಲಿ ಬೆಳೆಸಿಕೊಂಡವು. ಹಲ್ಲು ಕಚ್ಚಿದ ಮುಖ, ಗಂಟುಗಂಟಾದ ಚರ್ಮ, ಒಬ್ಬೊಬ್ಬನಿಗೂ ಬೇರೆ ಹಸಿರು. ಕಾಮಿಕ್ಸನ್ನೂ ಹೋಲದ, ಕಾರ್ಟೂನನ್ನೂ ಹೋಲದ ಆ ಆಮೆಗಳು ಕೋಟಿಗಟ್ಟಲೆ ಮಕ್ಕಳ ಕೈಯಲ್ಲಿ ಓಡಾಡಿ ತಾವೇ ಮೂಲವಾಗಿಬಿಟ್ಟವು.

ಕಾರ್ಟೂನಿನ ಆಮೆಗಳನ್ನು ಕಾರ್ಟೂನಿನಂತೆಯೇ ಮಾಡಬೇಕೆಂದು ಮುಂದೆ ಹಠ ತೊಟ್ಟದ್ದು ನೆಕಾ ಕಂಪನಿ. ಪಾರದರ್ಶಕ ಹಾಳೆಯ ಮೇಲೆ ಬರೆದ ಕಾರ್ಟೂನಿನ ಸೆಲ್ ಚಿತ್ರಗಳಲ್ಲಿ ಮೈಗೆ ಎರಡೇ ಬಣ್ಣವಿರುತ್ತದೆ, ಬೆಳಕಿನದೊಂದು, ನೆರಳಿನದೊಂದು, ನಡುವೆ ಚೂಪಾದ ಗಡಿ. ನೆಕಾದವರು ಗೊಂಬೆಯ ಮುಂಭಾಗಕ್ಕೆ ತಿಳಿ ಹಸಿರು, ಹಿಂಭಾಗಕ್ಕೆ ಗಾಢ ಹಸಿರು ಬಳಿದು ಆ ಗಡಿಯನ್ನೂ ಬಣ್ಣದಲ್ಲೇ ತಂದರು. ಎದುರಿನಿಂದ ನೋಡಿದರೆ ಟಿ.ವಿ.ಯಿಂದ ಇಳಿದು ಬಂದವರಂತಿದ್ದಾರೆ. ಆದರೆ ಕಾರ್ಟೂನಿನಲ್ಲಿ ನೆರಳು ದೃಶ್ಯದಿಂದ ದೃಶ್ಯಕ್ಕೆ ಜಾಗ ಬದಲಿಸುತ್ತದೆ, ಗೊಂಬೆಯ ನೆರಳು ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಕಪಾಟಿನ ಬಲ್ಬು ಹಿಂದಿನಿಂದ ಬಂದರೆ ಬೆಳಕಿನ ನೆರಳು ಎದೆಗೆ ಬೀಳುತ್ತದೆ, ಬಣ್ಣದ ನೆರಳು ಬೆನ್ನಲ್ಲೇ ಉಳಿಯುತ್ತದೆ. ಎರಡೂ ಸೇರಿ ಆಮೆ ಮಸಿ ಮೆತ್ತಿದಂತಾಗುತ್ತದೆ. ಎಕ್ಸ್-ಮೆನ್ ಕಾರ್ಟೂನಿನ ನೆನಪಿಗೆಂದು ಹ್ಯಾಸ್‌ಬ್ರೊ ವಿಎಚ್‌ಎಸ್ ಕ್ಯಾಸೆಟ್ಟಿನ ಡಬ್ಬಿಯಂಥ ಪೆಟ್ಟಿಗೆಯಲ್ಲಿ ಬಿಟ್ಟ ವುಲ್ವರಿನ್, ಜುಬಿಲಿಗಳಿಗೂ ಇದೇ ಮಾತು ಹೊಂದುತ್ತದೆ. ಇಂಥವನ್ನು ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ದೀಪ ಎದುರಿಗಿರಲಿ, ಗೊಂಬೆ ಗೋಡೆಗೆ ಬೆನ್ನು ಮಾಡಿರಲಿ.

ಕಾರ್ಟೂನಿಗೆ ಮಾಡೆಲ್ ಶೀಟ್ ಎಂಬ ಆಧಾರವಿದೆ. ಪಾತ್ರ ಎದುರಿನಿಂದ ಹೇಗೆ, ಪಕ್ಕದಿಂದ ಹೇಗೆ, ಹಿಂದಿನಿಂದ ಹೇಗೆ ಎಂದು ಸ್ಟುಡಿಯೊದ ಎಲ್ಲ ಚಿತ್ರಗಾರರಿಗೂ ಹಂಚುವ ಹಾಳೆ ಅದು. ಕಾಮಿಕ್ಸಿನಲ್ಲಿ ಅಂಥ ಒಂದೇ ಮಾತಿಲ್ಲ. ಬ್ಯಾಟ್‌ಮ್ಯಾನ್ ಎಂದರೆ ಯಾರ ಬ್ಯಾಟ್‌ಮ್ಯಾನ್? ನೀಲ್ ಆಡಮ್ಸ್ ಬರೆದ ಸಪೂರ ಕಸರತ್ತುಗಾರನೋ, ಫ್ರಾಂಕ್ ಮಿಲ್ಲರ್ 1986ರಲ್ಲಿ ಬರೆದ ಬಂಡೆಯಂಥ ಮುದುಕನೋ? ಡಿಸಿ ಕಂಪನಿ 1982ರಲ್ಲಿ ಹೋಸೆ ಲೂಯಿಸ್ ಗಾರ್ಸಿಯಾ-ಲೋಪೆಸ್ ಅವರಿಂದ ಒಂದು ಸ್ಟೈಲ್ ಗೈಡ್ ಬರೆಸಿ ಈ ಗೊಂದಲಕ್ಕೆ ಸ್ವಲ್ಪ ಕಡಿವಾಣ ಹಾಕಿತು. 1984ರಲ್ಲಿ ಕೆನ್ನರ್ ಕಂಪನಿ ತಂದ ಸೂಪರ್ ಪವರ್ಸ್ ಮಾಲಿಕೆಯ ಡಬ್ಬಿಗಳ ಮೇಲೂ ಅವರ ಚಿತ್ರಗಳಿದ್ದವು. ಕಾಲು ಹಿಸುಕಿದರೆ ಕೈ ಗುದ್ದುವ ಆ ಸಣ್ಣ ಸೂಪರ್‌ಮ್ಯಾನ್ ಈಗ ನೋಡಿದರೂ ‘ಹೌದು, ಇವನೇ’ ಎನಿಸುತ್ತಾನೆ.

ಅದೇ ಮಾಲಿಕೆಯಲ್ಲಿ ಇನ್ನೊಂದು ನ್ಯಾಯವೂ ನಡೆಯಿತು. ಜ್ಯಾಕ್ ಕರ್ಬಿ ಮಾರ್ವೆಲ್‌ನ ಅರ್ಧ ಲೋಕವನ್ನು ಸೃಷ್ಟಿಸಿದವರು, ಆ ಪಾತ್ರಗಳ ವ್ಯಾಪಾರದಲ್ಲಿ ಪಾಲು ಕಾಣದವರು. ಡಿಸಿಗಾಗಿ ತಾವೇ ಹಿಂದೆ ಸೃಷ್ಟಿಸಿದ್ದ ಡಾರ್ಕ್‌ಸೈಡ್ ಮೊದಲಾದವರನ್ನು ಈ ಗೊಂಬೆಗಳಿಗೆಂದು ಮತ್ತೊಮ್ಮೆ ರೂಪಿಸಿಕೊಡಿ ಎಂದು ಕಂಪನಿ ಅವರನ್ನು ಕೇಳಿತು. ಆ ನೆಪದಲ್ಲಿ ಅವರಿಗೆ ರಾಯಲ್ಟಿ ಸಂದಿತು. ಗೊಂಬೆಯ ವಿಮರ್ಶೆಯಲ್ಲಿ ಇದೆಲ್ಲ ಏಕೆ ಎನ್ನುವವರಿದ್ದಾರೆ. ಶಿಲ್ಪಿಯ, ಮೂಲ ಚಿತ್ರಗಾರನ ಹೆಸರನ್ನು ಒಂದು ಸಾಲಿನಲ್ಲಾದರೂ ಹೇಳದ ವಿಮರ್ಶೆ ನನಗೆ ಅರ್ಧ ಬರೆದದ್ದೆನಿಸುತ್ತದೆ.

ಕೀಲಿನ ಮಾತಿಗೆ ಬರೋಣ. ಟಾಡ್ ಮ್ಯಾಕ್‌ಫಾರ್ಲೇನ್ 1988ರಲ್ಲಿ ಅಮೇಜಿಂಗ್ ಸ್ಪೈಡರ್-ಮ್ಯಾನ್‌ಗೆ ಚಿತ್ರ ಬರೆಯತೊಡಗಿದಾಗ ಆ ಹುಡುಗನ ಮೈಯನ್ನು ಮಂಡಿ ಕಿವಿಗೆ ತಾಗುವಷ್ಟು ತಿರುಚಿದರು. ಅಂದಿನ ಯಾವ ಪ್ಲಾಸ್ಟಿಕ್ಕೂ ಆ ಭಂಗಿಗೆ ಬಗ್ಗುತ್ತಿರಲಿಲ್ಲ. ಅದೇ ಮನುಷ್ಯ 1992ರಲ್ಲಿ ಇತರರೊಂದಿಗೆ ಇಮೇಜ್ ಕಾಮಿಕ್ಸ್ ಕಟ್ಟಿ, ಸ್ಪಾನ್ ಎಂಬ ಕಾಮಿಕ್ಸ್ ಶುರುಮಾಡಿ, 1994ರಲ್ಲಿ ತಮ್ಮದೇ ಗೊಂಬೆ ಕಂಪನಿ ಕಟ್ಟಿದರು. ಅಲ್ಲಿಂದ ಬಂದ ಗೊಂಬೆಗಳ ಹೆಚ್ಚುಗಾರಿಕೆ ಚಲನೆಯಲ್ಲಿರಲಿಲ್ಲ, ಕೆತ್ತನೆಯಲ್ಲಿತ್ತು. ಎಷ್ಟೋ ಗೊಂಬೆಗಳು ನಿಂತಲ್ಲಿಂದ ಅಲುಗುತ್ತಿರಲಿಲ್ಲ. ಕಾಗದದ ಮೇಲೆ ಮೈ ಮುರಿಸಿದವರೇ ಪ್ಲಾಸ್ಟಿಕ್ಕಿನಲ್ಲಿ ಮೈ ಹಿಡಿದಿಟ್ಟರು. 2020ರಲ್ಲಿ ಅವರು ತರತೊಡಗಿದ ಏಳಿಂಚಿನ ಡಿಸಿ ಮಲ್ಟಿವರ್ಸ್ ಗೊಂಬೆಗಳ ಡಬ್ಬಿಯ ಮೇಲೆ 22 ಚಲಿಸುವ ಭಾಗಗಳೆಂಬ ಹೆಮ್ಮೆಯಿದೆ. ಆರು ಇಂಚಿನ ಮಾರ್ವೆಲ್ ಲೆಜೆಂಡ್ಸ್ ಜೊತೆ ಒಂದೇ ಸಾಲಿನಲ್ಲಿ ಮಾತ್ರ ಇವನ್ನು ನಿಲ್ಲಿಸಬೇಡಿ. ಬ್ಯಾಟ್‌ಮ್ಯಾನ್ ಮುಂದೆ ಕ್ಯಾಪ್ಟನ್ ಅಮೆರಿಕ ಹೈಸ್ಕೂಲು ಹುಡುಗನಾಗಿಬಿಡುತ್ತಾನೆ.

ಮಾರ್ವೆಲ್ ಲೆಜೆಂಡ್ಸನ್ನು 2002ರಲ್ಲಿ ಟಾಯ್ ಬಿಜ್ ಆರಂಭಿಸಿತು, 2007ರಿಂದ ಹ್ಯಾಸ್‌ಬ್ರೊ ನಡೆಸುತ್ತಿದೆ. ಎರಡು ಮಡಿಕೆಯ ಮೊಣಕಾಲು, ಹೊಟ್ಟೆಯಲ್ಲೊಂದು ಕೀಲು, ಎದೆಗೂ ಭುಜಕ್ಕೂ ನಡುವೆ ಬಟರ್‌ಫ್ಲೈ ಜಾಯಿಂಟ್. ಈ ಕೊನೆಯದರಿಂದ ಸ್ಪೈಡರ್-ಮ್ಯಾನ್ ಎರಡೂ ಕೈಗಳನ್ನು ಎದೆಯ ಮುಂದೆ ತರಬಲ್ಲ. ತಂದಾಗ ಕಂಕುಳ ಬಳಿ ಬಿರುಕು ಬಿಟ್ಟು ಎದೆಯ ಮೇಲಿನ ಬಲೆಯ ಗೆರೆಗಳು ಹರಿದುಹೋಗುತ್ತವೆ. ಸ್ಪೈಡರ್-ಮ್ಯಾನ್‌ಗೆ ಇದನ್ನು ಕ್ಷಮಿಸುತ್ತೇನೆ, ಅವನ ಚಿತ್ರದ ಜೀವ ಭಂಗಿಯಲ್ಲಿದೆ. ಸೂಪರ್‌ಮ್ಯಾನ್‌ಗೆ ಕ್ಷಮಿಸುವುದಿಲ್ಲ, ಅವನ ಚಿತ್ರದ ಜೀವ ಒಡೆಯದ ಎದೆಯಲ್ಲಿದೆ. ಎಲ್ಲರಿಗೂ ಮೂವತ್ತು ಕೀಲು ಬೇಕೆಂಬ ವಿಮರ್ಶಕರ ಹಸಿವೇ ಕಂಪನಿಗಳಿಗೂ ಅಂಟಿಕೊಂಡಿದೆ. ಮೊಣಕೈ, ಮೊಣಕಾಲಿನ ಪಕ್ಕದಲ್ಲಿ ಬೇರೆ ಬಣ್ಣದ ಪಿನ್ ತಲೆ ಕಾಣುತ್ತಿದ್ದ ಕಾಲ ಈಚಿನ ಪಿನ್‌ಲೆಸ್ ಕೀಲುಗಳಿಂದ ಮುಗಿಯುತ್ತಿರುವುದು ನಿಜವಾಗಿಯೂ ಸಂತೋಷದ ಸುದ್ದಿ.

ಬ್ರೂಸ್ ಟಿಮ್ ರೂಪಿಸಿದ 1992ರ ಬ್ಯಾಟ್‌ಮ್ಯಾನ್ ಕಾರ್ಟೂನು ಗೊಂಬೆ ಮಾಡುವವರ ಪಾಲಿಗೆ ದೊಡ್ಡ ಪರೀಕ್ಷೆ. ಅಗಲ ಎದೆ, ಚೌಕ ಗಲ್ಲ, ಕೆಳಗೆ ಹೋದಂತೆ ಕಿರಿದಾಗಿ ಮೊನೆಯಂಥ ಪಾದ. ಕಾಗದದ ಮೇಲೆ ಗುರುತ್ವಾಕರ್ಷಣೆಯಿಲ್ಲ; ಮೇಜಿನ ಮೇಲೆ ಇದೆ. ಇಡೀ ಎದೆಯ ಭಾರ ಸಣ್ಣ ಪಾದದ ಮೇಲೆ, ಅದರ ಮೇಲಿನ ತೆಳು ಕಣಕಾಲಿನಲ್ಲೊಂದು ಕೀಲು. ಡಿಸಿ ಕಲೆಕ್ಟಿಬಲ್ಸ್ 2014ರ ಕೊನೆಗೆ ಈ ಮಾಲಿಕೆ ಆರಂಭಿಸಿದಾಗ ಟಿಮ್ ಗೆರೆಗೆ ನಿಷ್ಠವಾಗಿ ಕಾಲನ್ನು ತೆಳ್ಳಗೇ ಉಳಿಸಿ, ಜೊತೆಗೆ ಸ್ಟ್ಯಾಂಡ್ ಕೊಟ್ಟಿತು. ಗೊಂಬೆ ತನ್ನ ಕಾಲ ಮೇಲೆ ನಿಲ್ಲುವುದಿಲ್ಲವೆಂದು ಬೈದವರು ಬಹಳ. ಪಾದ ದಪ್ಪ ಮಾಡಿದ್ದರೆ ಅವನು ಖಂಡಿತ ನಿಲ್ಲುತ್ತಿದ್ದ, ಬ್ರೂಸ್ ಟಿಮ್‌ನ ಬ್ಯಾಟ್‌ಮ್ಯಾನ್ ಆಗಿ ಉಳಿಯುತ್ತಿರಲಿಲ್ಲ. ಸ್ಟ್ಯಾಂಡ್ ಕೊಟ್ಟದ್ದು ಪ್ರಾಮಾಣಿಕ ಉತ್ತರ ಎಂದೇ ನನ್ನ ತೀರ್ಪು. ಕಣಕಾಲು ಮುರಿಯುವುದು ಬೇರೆ ದೂರು. ಅದಕ್ಕೆ ಗೆರೆಯ ನೆಪ ಹೇಳುವಂತಿಲ್ಲ.

ಮೇಲಂಗಿಯದೂ ಒಂದು ಕಥೆಯಿದೆ. ಚಿತ್ರದಲ್ಲಿ ಬ್ಯಾಟ್‌ಮ್ಯಾನ್‌ನ ಕೇಪ್ ಅವನ ಮನಸ್ಸಿನ ಸ್ಥಿತಿಗೆ ತಕ್ಕಂತೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಪ್ಲಾಸ್ಟಿಕ್ ಕೇಪ್‌ಗೆ ಒಂದೇ ಭಂಗಿ. ಅದರ ಭಾರಕ್ಕೆ ಗೊಂಬೆ ಹಿಂದಕ್ಕೆ ವಾಲುತ್ತದೆ. ಬಟ್ಟೆಯಾದರೆ ಹಗುರ. ಆದರೆ ಮನುಷ್ಯನನ್ನು ಹನ್ನೆರಡರ ಒಂದು ಪಾಲಿಗೆ ಇಳಿಸಬಹುದು, ನೂಲನ್ನು ಇಳಿಸಲಾಗದು. ಬಟ್ಟೆ ಗೋಣಿಯಷ್ಟು ದಪ್ಪ ಕಾಣುತ್ತದೆ. ಜಪಾನಿನ ಮಾಫೆಕ್ಸ್, ಅಮೆರಿಕದ ಮೆಜ್ಕೊ ಕೇಪಿನ ಅಂಚಿನೊಳಗೆ ತಂತಿ ಹೊಲಿದು ಬೇಕಾದ ಹಾಗೆ ಬಾಗಿಸಲು ಬಿಟ್ಟಿರುವುದು ಸದ್ಯಕ್ಕೆ ಉತ್ತಮ ಉಪಾಯ. ಅವುಗಳ ಬೆಲೆಯನ್ನು ಮನೆಯವರ ಮುಂದೆ ಹೇಳದಿರುವುದು ಇನ್ನೂ ಉತ್ತಮ.

ಬಂದ ದಿನವೇ ಬರೆದ ವಿಮರ್ಶೆಯಲ್ಲಿ ಸಿಗದ ಸಂಗತಿಗಳೂ ಇವೆ. ಮೆತ್ತನೆಯ ಪಿವಿಸಿಯೊಳಗೆ ಬೆರೆಸಿದ ಎಣ್ಣೆಯಂಥ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಒಸರಿ ಗೊಂಬೆಯ ಮೈ ಅಂಟಂಟಾಗುತ್ತದೆ. ನಮ್ಮ ಸೆಕೆಯಲ್ಲಿ ಇನ್ನೂ ಬೇಗ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ. 1982ರಲ್ಲಿ ಪುಟ್ಟ ಅಳತೆಯಲ್ಲಿ ಮರಳಿ ಬಂದ ಜಿ.ಐ. ಜೋ ಗೊಂಬೆಗಳ ಸೊಂಟದಲ್ಲಿ ಮೈಯ ಮೇಲ್ಭಾಗವನ್ನೂ ಕಾಲನ್ನೂ ಹಿಡಿದಿಡುವ ರಬ್ಬರ್ ಉಂಗುರವಿದೆ. ಅದು ಜೀರ್ಣವಾದ ದಿನ ಸೈನಿಕ ಎರಡು ತುಂಡು. ಹೊಸ ಗೊಂಬೆಯ ಕೀಲು ಬಿಗಿದಿದ್ದರೆ ಬಲವಂತ ಮಾಡದೆ ಹೇರ್ ಡ್ರೈಯರ್ ಹಿಡಿಯಬೇಕು ಅಥವಾ ಬಿಸಿನೀರಲ್ಲಿ ಅದ್ದಬೇಕು ಎಂಬುದು ಹವ್ಯಾಸಿಗಳೆಲ್ಲ ಬಲ್ಲ ಮದ್ದು. ಕಂಪನಿ ಉಚಿತವಾಗಿ ಕಳಿಸಿದ ಮಾದರಿ ಇಟ್ಟುಕೊಂಡು ಅಂಗಡಿಗೆ ಬರುವ ಮುಂಚೆಯೇ ಬರೆಯುವವರಿಗೆ ಇದಾವುದೂ ಗೊತ್ತಾಗುವುದಿಲ್ಲ. ಉಚಿತವಾಗಿ ಬಂದದ್ದೆಂದು ಮೊದಲ ಸಾಲಿನಲ್ಲೇ ಹೇಳಿದರೆ ನನ್ನ ಆಕ್ಷೇಪವಿಲ್ಲ. ಡಬ್ಬಿಯನ್ನೇ ತೆರೆಯದೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಿಸಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿಡುವವರ ಜೊತೆ ಮಾತ್ರ ನನಗೆ ಮಾತಿಲ್ಲ. ಅವರು ಕೊಂಡದ್ದು ರಟ್ಟು. ಹ್ಯಾಸ್‌ಬ್ರೊ ಪ್ಲಾಸ್ಟಿಕ್ ಉಳಿಸಲೆಂದು 2022ರ ಸುಮಾರಿಗೆ ಡಬ್ಬಿಯ ಕಿಟಕಿಯನ್ನೇ ತೆಗೆದಾಗ, ಮುಖದ ಬಣ್ಣ ಓರೆಯಾಗಿದೆಯೋ ಇಲ್ಲವೋ ನೋಡದೆ ಕೊಳ್ಳುವುದು ಹೇಗೆಂದು ಗದ್ದಲವೆದ್ದಿತು. ಮರುವರ್ಷವೇ ಕಿಟಕಿ ವಾಪಸು ತರುವುದಾಗಿ ಕಂಪನಿ ಹೇಳಿತು. ಪರಿಸರದ ಮಾತು ಸರಿ, ಆದರೆ ಒಂದು ಕಣ್ಣು ಹಣೆಗೇರಿದ ವುಲ್ವರಿನ್‌ನನ್ನು ಯಾರೂ ಕಣ್ಣುಮುಚ್ಚಿ ಕೊಳ್ಳುವುದಿಲ್ಲ.

ನಮ್ಮಲ್ಲಿ ಈ ಹವ್ಯಾಸದ ಮೊದಲ ಶತ್ರು ಬೆಲೆ. ಆಮದು ಆಟಿಕೆಯ ಮೇಲಿನ ಮೂಲ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, ಬಳಿಕ 2023ರಲ್ಲಿ ಶೇ 70ಕ್ಕೆ ಏರಿತು. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಮಳಿಗೆಯಿಂದ ಮಳಿಗೆಗೆ ಅಲೆಯುವ ಹುಡುಗರು ಗೊಂಬೆ ಕೈಗೆತ್ತಿಕೊಂಡು, ಹಿಂದೆ ಅಂಟಿಸಿದ ಚೀಟಿ ನೋಡಿ, ನಿಧಾನವಾಗಿ ಕೆಳಗಿಡುವುದು ಅದಕ್ಕೇ. ಎರಡನೆಯ ಶತ್ರು ನಕಲಿ. ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ ಪ್ಲಾಸ್ಟಿಕ್ ತಣಿಯುವಾಗ ತುಸು ಕುಗ್ಗುತ್ತದೆ, ಆದ್ದರಿಂದ ನಕಲಿ ಸಾಮಾನ್ಯವಾಗಿ ಕೊಂಚ ಗಿಡ್ಡ. ಕೆತ್ತನೆಯ ಅಂಚುಗಳು ಸವೆದಂತಿರುತ್ತವೆ, ಪಾದದಡಿಯ ಅಥವಾ ಬೆನ್ನಿನ ಹಕ್ಕುಸ್ವಾಮ್ಯದ ಮುದ್ರೆ ಅಳಿಸಿರುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲೊಂದು ಅಸಲಿ ಇದ್ದರೆ ಮೋಸ ಹೋಗುವುದು ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಳತೆಗೋಲು ಕೈಕೊಡುವ ಒಂದು ಜಾಗವಿದೆ, ಅದೂ ನಮ್ಮ ದೇಶದ್ದೇ. 1987ರಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೊ ಸೇರಿ ಕಟ್ಟಿದ ಫನ್‌ಸ್ಕೂಲ್ ಕಂಪನಿ ಗೋವಾದ ಕಾರ್ಖಾನೆಯಲ್ಲಿ ಹ್ಯಾಸ್‌ಬ್ರೊ ಅಚ್ಚುಗಳಿಂದಲೇ ಜಿ.ಐ. ಜೋ ಗೊಂಬೆಗಳನ್ನು ಮಾಡಿತು. ಅಚ್ಚು ಅಮೆರಿಕದ್ದು, ಬಣ್ಣ ಇಲ್ಲಿಯದು. ಮಾರ್ವೆಲ್ ಕಾಮಿಕ್ಸಿನಲ್ಲಾಗಲಿ, 1985ರ ಕಾರ್ಟೂನಿನಲ್ಲಾಗಲಿ ಎಂದೂ ತೊಡದ ಬಣ್ಣದ ಸಮವಸ್ತ್ರದಲ್ಲಿ ಎಷ್ಟೋ ಸೈನಿಕರು ಇಲ್ಲಿ ಹುಟ್ಟಿದರು. ಚಿತ್ರದ ಪಕ್ಕ ಇಟ್ಟರೆ ಅವು ಅಲ್ಲೇ ಅನುತ್ತೀರ್ಣ. ಆದರೆ ಅಮೆರಿಕದ ಸಂಗ್ರಾಹಕರು ಆ ‘ತಪ್ಪು’ ಬಣ್ಣಗಳಿಗಾಗಿಯೇ ಫನ್‌ಸ್ಕೂಲ್ ಗೊಂಬೆಗಳನ್ನು ಹುಡುಕಿ, ದುಬಾರಿ ಬೆಲೆ ತೆತ್ತು ತರಿಸಿಕೊಳ್ಳುತ್ತಾರೆ. ಅವುಗಳಿಗೆ ಅಂಕ ಹಾಕುವ ಗೋಜಿಗೆ ನಾನು ಹೋಗುವುದಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥದ್ದೊಂದು ನಿಮಗೆ ಸಿಕ್ಕರೆ, ಸೊಂಟದ ರಬ್ಬರ್ ಉಂಗುರ ಸತ್ತಿದ್ದರೆ ಹೊಸದು ಹಾಕಿ. ಬಣ್ಣವನ್ನು ಮಾತ್ರ ತಿದ್ದಲು ಹೋಗಬೇಡಿ.